ಸೊನ್ನೆಗೆ ಹೆದರುವ ತಿಪ್ಪೇರುದ್ರ

ಹೊನ್ನಾಳಿಯಲ್ಲಿ ಬಣ್ಣದ ಮೀನು ಮಾರುವ ತಿಪ್ಪೇರುದ್ರನಿಗೆ ಸೊನ್ನೆ ಕಂಡರೆ ಜೀವ ನಡುಗುತ್ತದೆ. ಉಪ್ಪುನೀರಿನ ತೊಟ್ಟಿಯೊಂದನ್ನು ಅವನು ತನಗೆಂದೇ ಇಟ್ಟುಕೊಂಡಿದ್ದಾನೆ. ಅದರಲ್ಲಿ ಒಂದೇ ಒಂದು ಕಿತ್ತಳೆ ಬಣ್ಣದ ಮೀನು, ಕಲ್ಲಿನ ತುಂಬ ಕೂದಲಿನಂಥ ಹಸಿರು ಪಾಚಿ. ಮೀನಿನ ಹೇಲು, ಉಳಿದ ತಿನಿಸು ಕೊಳೆತು ನೀರಿನಲ್ಲಿ ನೈಟ್ರೇಟ್ ಎಂಬ ವಿಷ ಎಷ್ಟು ಸೇರಿದೆಯೆಂದು ದಿನಕ್ಕೆ ಮೂರು ಸಲ ಪರೀಕ್ಷಿಸುತ್ತಾನೆ. ಸೊನ್ನೆ ಬಂದರೆ ಅವತ್ತು ಊಟ ಸೇರುವುದಿಲ್ಲ. “ಸೊನ್ನೆ ಬಂತು ಅಂತ ಬೆವರೋನ್ನ ನಿನ್ನೊಬ್ಬನ್ನೇ ನೋಡಪ್ಪ ನಾನು ಕಂಡಿದ್ದು,” ಎಂದು ಪಕ್ಕದ ಸೈಕಲ್ ಅಂಗಡಿಯ ಗಾದ್ರಪ್ಪ ನಗುತ್ತಾನೆ. “ನೀರು ಚೊಕ್ಕ ಆಗಿಲ್ಲಣ್ಣ, ಕೊಳಕೆಲ್ಲ ಪಾಚಿ ಹೊಟ್ಟ್ಯಾಗೈತೆ. ಅದು ಸತ್ತರೆ ಅಷ್ಟೂ ವಾಪಸ್ ಕಕ್ತೈತೆ,” ಎನ್ನುತ್ತಾನೆ ಇವನು. ಹೋದ ವರ್ಷ ಸೊನ್ನೆಯನ್ನು ನಂಬಿ, ಪಾಚಿ ಸಾಯಲೆಂದು ತೊಟ್ಟಿಗೆ ನಾಲ್ಕು ದಿನ ಕಂಬಳಿ ಹೊದಿಸಿದ್ದ. ಪಾಚಿ ಒಳಗೇ ಕೊಳೆತುಹೋಯಿತು. ಕಂಬಳಿ ತೆಗೆದಾಗ ಆಗಿದ್ದ ಜೋಡಿ ಮೀನಿನಲ್ಲಿ ಒಂದು ಸತ್ತು ತೇಲುತ್ತಿತ್ತು. ಈಗ ದಿನಕ್ಕೊಂದು ಚಿಟಿಕೆ ಪಾಚಿಯನ್ನಷ್ಟೇ ಬೆರಳಲ್ಲಿ ಕಿತ್ತು ಹೊರಹಾಕುತ್ತಾನೆ. ಬೆಳಿಗ್ಗೆ ಶಟರ್ ಎತ್ತಿದವನು ತೊಟ್ಟಿಯ ಕಡೆ ನೋಡುವುದಿಲ್ಲ. ಕಣ್ಣು ಮುಚ್ಚಿಕೊಂಡೇ ಬೆರಳನ್ನು ನೀರಿಗಿಳಿಸಿ ನಿಲ್ಲುತ್ತಾನೆ. ಮೀನು ಬಂದು ಕಚ್ಚುವ ತನಕ ಕಣ್ಣು ಬಿಡುವುದಿಲ್ಲ.