ನಿಂತೇ ಓಡಿಸುವ ಗಾಡಿ

ಅಂಗಡಿಯ ಮುಂದೆ ಟೆಂಪೋ ನಿಲ್ಲಿಸಿ ಅದನ್ನು ಕೆಳಗಿಳಿಸಿದಾಗ ನಾನು ಮೊದಲು ಹುಡುಕಿದ್ದು ಸೀಟನ್ನು. ಎಲ್ಲೂ ಕಾಣಲಿಲ್ಲ. ಮುಂದೊಂದು ಮೂತಿ, ಎತ್ತಿ ಇಳಿಸುವ ಉದ್ದನೆಯ ಹ್ಯಾಂಡಲ್, ಹಿಂದೆ ಕಾಲಿಡಲು ತೊಟ್ಟಿಯಂಥ ಜಾಗ, ಅಷ್ಟೇ.

"ಸೀಟೆಲ್ಲಿ ಬಿದ್ದೋತಣ್ಣ, ದಾರಿಯಾಗೆ?" ಎಂದೆ.

ಅಣ್ಣ ಟೆಂಪೋದ ಬಾಗಿಲು ಹಿಡಿದುಕೊಂಡೇ ನಕ್ಕ. "ಇದಕ್ಕೆ ಸೀಟಿರಲ್ಲ ಕಣೋ. ಇದು ನಿಂತೇ ಓಡ್ಸೋ ಜೆಟ್ ಸ್ಕೀ. ಕೂತ್ಕಂಡು ಓಡ್ಸೋದು ಬ್ಯಾರೆ ಐತೆ, ಅದು ಮಕ್ಕಳಾಟ."

ಅಣ್ಣ ಬಹಳ ವರ್ಷ ಗೋವಾದ ಕಡಲ ತೀರದಲ್ಲಿದ್ದ. ಪ್ರವಾಸಿಗರ ಮುಂದೆ ಈ ಗಾಡಿಯ ಮೇಲೆ ನಿಂತು ಅಲೆಗಳ ನಡುವೆ ಗಿರಕಿ ಹೊಡೆಯುವುದೇ ಅವನ ಕೆಲಸ. ಕಾಲಿನ ಸ್ನಾಯು ಸೊರಗುವ ಕಾಯಿಲೆ ಹಿಡಿದ ಮೇಲೆ ಶಿಕಾರಿಪುರಕ್ಕೆ ವಾಪಸಾದ. ಗೋವಾದಲ್ಲಿ ಗುಜರಿಗೆ ಬಿದ್ದಿದ್ದ ಈ ಒಂದು ಗಾಡಿಯನ್ನು ಕೇಳಿ ತಂದಿದ್ದ. ಕಾಲು ಪೂರ್ತಿ ಸೋಲುವ ಮೊದಲು ನಮ್ಮ ಹಳೇ ಊರಿನ ಕೆರೆಯಲ್ಲಿ ಒಂದೇ ಒಂದು ಸಲ ಇದರ ಮೇಲೆ ನಿಲ್ಲಬೇಕು, ಅವ್ವ ದಂಡೆಯಲ್ಲಿ ನಿಂತು ನೋಡಬೇಕು. ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಮಗ ಅಷ್ಟು ವರ್ಷ ಏನು ಕೆಲಸ ಮಾಡಿದ ಎಂದು ಅವ್ವ ಕಂಡಿರಲೇ ಇಲ್ಲ. ಶಿವಮೊಗ್ಗದ ಡಾಕ್ಟರು ಕಾಲಿನ ವಿಷಯದಲ್ಲಿ ಮುಚ್ಚುಮರೆ ಮಾಡಿರಲಿಲ್ಲ. ಹೆಚ್ಚು ಸಮಯವಿಲ್ಲ ಎಂದಿದ್ದರು.

ನನ್ನದು ಮನೆ ಮುಂದಿನ ತಗಡಿನ ಶೆಡ್ಡು. ಔಷಧಿ ಹೊಡೆಯುವ ಪಂಪು, ಕಳೆ ಹೊಡೆಯುವ ಮಿಷನ್ನು, ಇಂಥವನ್ನು ರಿಪೇರಿ ಮಾಡುತ್ತೇನೆ. ಇದೂ ಅವುಗಳಂತೆ ಎಣ್ಣೆ ಬೆರೆಸಿದ ಪೆಟ್ರೋಲ್ ಕುಡಿಯುವ ಎರಡು ಸ್ಟ್ರೋಕಿನ ಇಂಜಿನ್ನೇ. ಕಾರ್ಬೋರೇಟರ್ ಕೂಡ ಕಳೆ ಮಿಷನ್ನಿನದ್ದರ ದೊಡ್ಡಣ್ಣ. ಬೈಕಿನಲ್ಲಿರುವಂತೆ ಪೆಟ್ರೋಲ್ ನಿಲ್ಲುವ ಬಟ್ಟಲು ಇದಕ್ಕಿಲ್ಲ. ತೆಳ್ಳನೆಯ ರಬ್ಬರ್ ಪದರವೊಂದು ಮೇಲೆ ಕೆಳಗೆ ಮಿಡಿಯುತ್ತ ಪೆಟ್ರೋಲ್ ಎಳೆದುಕೊಳ್ಳುತ್ತದೆ. ವಾರದೊಳಗೆ ಎಬ್ಬಿಸಿ ಕೊಡ್ತೀನಿ ಎಂದು ಜಂಬ ಕೊಚ್ಚಿದೆ.

ಸ್ಟಾರ್ಟ್ ಏನೋ ಆಯಿತು. ನಿಧಾನಕ್ಕೆ ಗುರುಗುಟ್ಟುತ್ತಿತ್ತು. ಎಕ್ಸಲೇಟರ್ ಒತ್ತಿದ ಕೂಡಲೇ ಗಕ್ಕನೆ ಸತ್ತು ಹೋಗುತ್ತಿತ್ತು. ಕಾರ್ಬೋರೇಟರಿನ ಸ್ಕ್ರೂ ಬಿಗಿ ಮಾಡಿದೆ, ಸಡಿಲ ಮಾಡಿದೆ, ಪ್ಲಗ್ ಬದಲಿಸಿದೆ. ಊಹೂಂ. ತಾಳಗುಂದದಿಂದ ಮೆಕ್ಕೆಜೋಳಕ್ಕೆ ಔಷಧಿ ಹೊಡೆಯುವ ಪಂಪು ತಂದವನೊಬ್ಬ, "ಏನ್ರೀ, ಕೆಸರು ಗದ್ದೆ ಹೂಡಾಕೆ ತಂದೀರೇನು ಇದನ್ನ?" ಎಂದು ಕೇಳಿದ. ಅವನ ಪಂಪನ್ನು ಬೇಕೆಂದೇ ಎರಡು ದಿನ ತಡ ಮಾಡಿ ಕೊಟ್ಟೆ.

"ಏನಾಗೈತೋ?" ಎಂದು ಅಣ್ಣ ಜಗಲಿಯಿಂದ ಕೇಳಿದ. ಆಗಿನ್ನೂ ಗೋಡೆ ಹಿಡಿದು ಶೆಡ್ಡಿನವರೆಗೆ ನಡೆದು ಬರುತ್ತಿದ್ದ.

"ಗಾಳಿ ಅಣ್ಣ. ಎಲ್ಲೋ ಗಾಳಿ ಸೇರ್ಕಂಡೈತೆ."

ನಾನು ಹೇಳಿದ್ದು, ಯಾವುದೋ ಸಂದಿನಿಂದ ಹೊರಗಿನ ಗಾಳಿ ಒಳಗೆ ಹೋಗಿ ಪೆಟ್ರೋಲ್ ಸಾಲುತ್ತಿಲ್ಲ ಎಂದು. ಅವ್ವ ಅಲ್ಲೇ ಅಕ್ಕಿ ಆರಿಸುತ್ತ ಕೂತಿದ್ದಳು. ಕೈ ನಿಲ್ಲಿಸಿ ಗಾಡಿಯನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿದಳು.

ಹೊಸ ರಬ್ಬರ್ ಪದರಗಳು ಶಿವಮೊಗ್ಗದಲ್ಲಿ ಸಿಗಲಿಲ್ಲ. ಕೊರಿಯರಿನಲ್ಲಿ ತರಿಸಲು ಒಂದು ತಿಂಗಳೇ ಹಿಡಿಯಿತು. ಹಾಕಿದೆ, ಒಂದು ದಿನ ಚೆಂದ ಓಡಿತು. ಅಣ್ಣ ಕೆರೆಗೆ ಹೋಗುವ ದಿನವನ್ನೂ ಗೊತ್ತು ಮಾಡಿದ. ಮಾರನೇ ವಾರ ನೋಡಿದರೆ ಮತ್ತದೇ ಹಣೆಬರಹ. ಬಿಚ್ಚಿದರೆ ಕಾರ್ಬೋರೇಟರಿನ ಒಳಗೆ ನೀರಿನ ಹನಿಗಳು! ನೀರು ಪೆಟ್ರೋಲಿಗಿಂತ ಭಾರ, ಟ್ಯಾಂಕಿನ ತಳ ಸೇರುತ್ತದೆ. ಪೈಪು ಎಳೆಯುವುದೂ ತಳದಿಂದಲೇ.

ನನಗೆ ಸಿಟ್ಟು ನೆತ್ತಿಗೇರಿತು. ನೇರ ಬಂಕಿಗೆ ಹೋಗಿ, ಪೆಟ್ರೋಲ್ ಮಾರ್ತೀರೋ ನೀರು ಮಾರ್ತೀರೋ ಎಂದು ಕೂಗಾಡಿದೆ. ಅವರು ಪೆಟ್ರೋಲಿಗೆ ಬೆರೆಸುವ ಎಥನಾಲ್ ನೀರು ಹೀರುತ್ತದೆ ಎಂದು ಅದರ ಕಡೆ ಕೈ ತೋರಿಸಿದರು. ಟ್ಯಾಂಕು ತೊಳೆದು, ಒಣಗಿಸಿ, ಆನವಟ್ಟಿಯಿಂದ ಪೆಟ್ರೋಲ್ ತಂದೆ. ಮತ್ತೆ ನೀರು. ಸೊರಬದಿಂದ ತಂದೆ. ಮತ್ತೆ ನೀರು. ಮುಚ್ಚಳದ ವಾಶರ್ ಬದಲಿಸಿದೆ. ಓಡಿಸಿ ನೋಡುವಾಗ ಇಂಜಿನ್ ತಣಿಯಲೆಂದು ಪೈಪಿನಲ್ಲಿ ನೀರು ಬಿಡುತ್ತೇವಲ್ಲ, ಅದೇ ಒಳಗೆ ಸೋರುತ್ತಿದೆಯೇನೋ ಎಂದು ಇಡೀ ಇಂಜಿನ್ನನ್ನೇ ಬಿಚ್ಚಿ ಹರವಿದೆ. ಎಲ್ಲಾ ಗ್ಯಾಸ್ಕೆಟ್ ಹೊಸದು ಹಾಕುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ಅಷ್ಟರಲ್ಲಿ ಅಣ್ಣ ಗೋಡೆಯಿಂದ ಕೋಲಿಗೆ, ಕೋಲಿನಿಂದ ಪ್ಲಾಸ್ಟಿಕ್ ಕುರ್ಚಿಗೆ ಬಂದಿದ್ದ. ಬೆಳಿಗ್ಗೆ ನಾನು ಶೆಡ್ಡಿನ ಬಾಗಿಲೆತ್ತುವ ಹೊತ್ತಿಗೆ ಕುರ್ಚಿಯ ಕೈ ಒತ್ತಿ ಏಳಲು ನೋಡುತ್ತಿದ್ದ. ಏಳಲು ಆಗದ ದಿನ ಕೇಳುತ್ತಲೂ ಇರಲಿಲ್ಲ, "ಇವತ್ತು ಆಗ್ತೈತೇನೋ?" ಎಂದು.

ಒಂದು ಸೋಮವಾರ ಸಂಜೆ ಟೀ ಕುಡಿದು ಬಂದೆ. ಶೆಡ್ಡಿನೊಳಗೆ ಅವ್ವ ನಿಂತಿದ್ದಳು. ಗಾಡಿಯ ಟ್ಯಾಂಕಿನ ಮುಚ್ಚಳ ಅವಳ ಎಡಗೈಯಲ್ಲಿತ್ತು. ಬಲಗೈಯಲ್ಲಿ ಚಿಕ್ಕ ಬಾಟಲಿ.

"ಅವ್ವಾ! ಏನ್ ಹಾಕ್ತಿದೀಯ ಅದರಾಗೆ?"

"ತೊಗರ್ಸಿ ದೇವರ ತೀರ್ಥ ಕಣೋ," ಎಂದಳು, ಗಾಬರಿಯೇನೂ ಇಲ್ಲದೆ. "ಸೋಮವಾರ ಸೋಮವಾರ ಬಸ್ಸಿಗೆ ಹೋಗಿ ತರ್ತೀನಲ್ಲ, ಅದೇ. ಅವನಿಗೊಂದು ಚಮಚ, ಇದಕ್ಕೊಂದು ಚಮಚ. ನೀನೇ ಅಂದ್ಯಲ್ಲ ಗಾಳಿ ಸೇರ್ಕಂಡೈತೆ ಅಂತ? ಇಬ್ಬರಿಗೂ ಒಂದೇ ಗಾಳಿ ಹತ್ತೈತೆ. ಇದು ಬಿಟ್ರೆ ಅವನ್ನೂ ಬಿಡ್ತೈತೆ."

ನಮ್ಮ ಕಡೆ ಗಾಳಿ ಸೋಕುವುದೆಂದರೆ ದೆವ್ವ ಮೆಟ್ಟುವುದು. ನಾನು ಕೈಗೆ ಸಿಕ್ಕ ಸ್ಪ್ಯಾನರ್ ಎತ್ತಿ ಎಸೆದೆ, ಅದು ತಗಡಿಗೆ ಬಡಿದು ಬಿತ್ತು. ಬಾಯಿಗೆ ಬಂದದ್ದನ್ನೆಲ್ಲ ಬೈಯಬೇಕೆಂದು ಅವಳ ಕಡೆ ತಿರುಗಿದೆ. ಅವಳು ಬಾಟಲಿಯಲ್ಲಿ ಉಳಿದ ಹನಿಯನ್ನು ಅಂಗೈಗೆ ಸುರಿದುಕೊಂಡು, ಹ್ಯಾಂಡಲಿಗೆ ಸವರುತ್ತಿದ್ದಳು, ಮಗುವಿನ ತಲೆಗೆ ಎಣ್ಣೆ ಹಚ್ಚುವ ಹಾಗೆ. ಏನು ಬೈಯಲಿ? ಇನ್ನು ಹಾಕಬೇಡ, ಗಾಳಿ ಬಿಟ್ಟಿದೆ ಎಂದಷ್ಟೇ ಹೇಳಿದೆ.

ಟ್ಯಾಂಕು ಬರಿದು ಮಾಡಿ ಎರಡು ದಿನ ಬಿಸಿಲಿಗಿಟ್ಟೆ. ಕಾರ್ಬೋರೇಟರ್ ತೊಳೆದು ಕೂರಿಸಿದೆ. ಪೈಪು ಸಿಕ್ಕಿಸಿ ಬಟನ್ ಒತ್ತಿ, ನೀರು ಬಿಟ್ಟು, ಎಕ್ಸಲೇಟರ್ ಒತ್ತಿದರೆ ಶೆಡ್ಡಿನ ತಗಡೆಲ್ಲ ನಡುಗುವ ಹಾಗೆ ಅಬ್ಬರಿಸಿತು. ಸಾಯಲಿಲ್ಲ. ಆ ಸದ್ದಿಗೆ ಒಳಗಿನಿಂದ ಅಣ್ಣ ಕೂಗಿದ. ಕುರ್ಚಿ ಸಮೇತ ಎತ್ತಿ ತಂದು ಗಾಡಿಯ ಹಿಂದೆ ಕೂರಿಸಿದೆ. ಆ ಹೊತ್ತಿಗೆ ಅವನ ಕಾಲುಗಳು ಅವನ ಮಾತು ಕೇಳುವುದನ್ನು ಪೂರ್ತಿ ಬಿಟ್ಟಿದ್ದವು.

"ಏನಾಗಿತ್ತೋ ಅದಕ್ಕೆ?"

"ಪೆಟ್ರೋಲಿನಾಗೆ ನೀರು."

"ಹಾಳಾದ ಬಂಕಿನೋರು," ಎಂದ. ನಾನು ಹೂಂಗುಟ್ಟಿದೆ.

ಅವನು ಎರಡು ಕೈಯಲ್ಲಿ ಒಂದು ಕಾಲನ್ನು ಎತ್ತಿ ಗಾಡಿಯ ತೊಟ್ಟಿಯೊಳಗಿಟ್ಟ. ಆಮೇಲೆ ಇನ್ನೊಂದು. ಹ್ಯಾಂಡಲನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡು ತಾನೇ ಒಂದು ಸಲ ಅಬ್ಬರಿಸಿದ. ಮುಖ ಮಾತ್ರ ಕೆಳಗೇ ಇತ್ತು.

ಅವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. ಆ ವರ್ಷವಿಡೀ ನಮ್ಮ ಮನೆಯಲ್ಲಿ ನಡೆದದ್ದು ಒಂದೇ ಮಾತು: ನಿಲ್ಲುವುದು, ನಿಲ್ಲುವುದು. ಅವಳ ಕಿವಿಯೇನೂ ಮಂದವಲ್ಲ. ಬಂದು ಕುರ್ಚಿಯ ಪಕ್ಕ ನಿಂತಳು.

"ಗೋವಾದಾಗೂ ಹಿಂಗೇ ಕೂತ್ಕಂಡೇ ಓಡಿಸ್ತಿದ್ದೇನೋ?" ಎಂದು ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಕೇಳಿದಳು.

ಅಣ್ಣ ಅವಳ ಮುಖವನ್ನು ಒಂದು ಗಳಿಗೆ ನೋಡಿದ.

"ಹೂಂ ಅವ್ವ," ಎಂದ. "ಕೂತ್ಕಂಡೇ."

"ಭಾಳ ಚೆಂದ ಐತೆ. ನೋಡ್ದೆ ಬಿಡು," ಎಂದಳು.

ನಾನು ನೀರು ನಿಲ್ಲಿಸಿದೆ. ಆಮೇಲೆ ಇಂಜಿನ್ ಆಫ್ ಮಾಡಿದೆ.