ಅತ್ತೆ ಬೀಸಿದ ಗಾಳ

ಗಾಳದ ದಾರವನ್ನು ತಲೆಯ ಮೇಲೆ ಗಿರಗಿರನೆ ತಿರುಗಿಸಿ ನಮ್ಮತ್ತೆ ಬೀಸಿದರು ನೋಡಿ, ತುದಿಯ ಸೀಸದ ಗುಂಡು ಅಲೆಗಳನ್ನೆಲ್ಲ ದಾಟಿ ಬಿತ್ತು. ಮಹಾಬಲಿಪುರದ ಕಡಲತೀರದಲ್ಲಿ ಸಂಜೆ ಮೀನು ಹಿಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅದುವರೆಗೆ ನನ್ನ ಗಂಡ ಎಸೆದದ್ದೆಲ್ಲ ಮೊದಲ ಅಲೆಗೇ ಸಿಕ್ಕಿ ನಮ್ಮ ಕಾಲಬುಡಕ್ಕೆ ವಾಪಸು ಬರುತ್ತಿತ್ತು. ಅತ್ತೆ ದಾರಕ್ಕೆ ಕೈಚಾಚಿದಾಗ, "ಸುಮ್ಕಿರವ್ವಾ, ಜನ ನಗ್ತಾರೆ" ಎಂದು ತಡೆದವರೂ ಅವರೇ.

"ಹೊಲಕ್ಕೆ ಬರೋ ಆನೆ ಓಡ್ಸಕ್ಕೆ ಕವಣೆ ಹಿಂಗೇ ಅಲ್ವೇನ್ಲಾ ಬೀಸೋದು?" ಎಂದರು ಅತ್ತೆ, ಮಗನಿಗೆ.

ದಾರ ಕೊಟ್ಟಿದ್ದ ಮೀನುಗಾರರು, ಅಮ್ಮ ಯಾವ ಕಡಲತೀರದವರು ಎಂದು ತಮಿಳಿನಲ್ಲಿ ಕೇಳಿದರು. ನನ್ನ ಗಂಡ ಎದೆಯುಬ್ಬಿಸಿ, ಸುತ್ತಲಿದ್ದವರಿಗೆಲ್ಲ ಕೇಳುವಂತೆ, ಕಾಡಂಚಿನ ನಮ್ಮ ಡೆಂಕಣಿಕೋಟೆಯ ಹೆಸರು ಹೇಳಿದರು.

ಮೀನು ಒಂದೂ ಕಚ್ಚಲಿಲ್ಲ. ಆದರೂ ಕಡಲು ಹೇಗಿತ್ತೆಂದು ಊರಲ್ಲಿ ಕೇಳಿದವರಿಗೆಲ್ಲ ನಾನು ಹೇಳುವುದು ಅತ್ತೆಯ ತೋಳಿನ ಸುದ್ದಿಯನ್ನೇ.