ಬೆಲ್ಟ್ ಮಾವ ಮತ್ತು ನಾಲ್ಕನೇ ಮಹಡಿಯ ವೇಗ

ನನ್ನ ಸೋದರಮಾವನಿಗೆ ಊರು ಇಟ್ಟ ಹೆಸರು ಬೆಲ್ಟ್ ಮಾವ. ಟೇಪ್ ರೆಕಾರ್ಡರಿನ ಹೊಟ್ಟೆಯೊಳಗೆ, ಮೋಟಾರಿನ ತಿರುಗಾಟವನ್ನು ಗಾಲಿಗೆ ಮುಟ್ಟಿಸುವ, ಬಳೆಯಂಥ ರಬ್ಬರ್ ಪಟ್ಟಿಯೊಂದಿರುತ್ತದೆ. ಅದೇ ಬೆಲ್ಟು. ಹಾಡು ಎಳೆದರೂ ನರಳಿದರೂ, ಗಾಯಕಿಯ ದನಿ ಚರಣದ ನಡುವೆ ಗಂಡಸಿನದಾದರೂ ಮಾವನ ಮೊದಲ ಮಾತು ಒಂದೇ: "ಬೆಲ್ಟ್ ನೋಡ್ಬೇಕು." ಒಮ್ಮೆ ಅತ್ತೆಗೆ ಸೊಂಟ ಹಿಡಿದಾಗಲೂ ನಿದ್ದೆಗಣ್ಣಲ್ಲಿ ಹಾಗೇ ಅಂದನಂತೆ. ಅತ್ತೆ ಅದನ್ನು ಇವತ್ತಿಗೂ ಕ್ಷಮಿಸಿಲ್ಲ, ಮರೆಯಲೂ ಬಿಟ್ಟಿಲ್ಲ.

ಅವನ ಅಂಗಡಿ ಮಾರ್ಕೆಟ್ ಕಟ್ಟಡದ ಮೆಟ್ಟಿಲ ಕೆಳಗಿತ್ತು. ನಾಲ್ಕು ಮೊಳ ಅಗಲ. ಒಳಗೆ ಹೋದಂತೆಲ್ಲ ಸೂರು ತಗ್ಗುತ್ತಿತ್ತು. ಎಂಥ ದೊಡ್ಡ ಮನುಷ್ಯನೂ ತಲೆ ಬಗ್ಗಿಸಿಯೇ ಪ್ರವೇಶಿಸಬೇಕಾದ ಆಸ್ಥಾನ. ಸಿಂಹಾಸನವೆಂದರೆ ಮೂರು ಕಾಲಿನ ಸ್ಟೂಲು, ರಾಜದಂಡವೆಂದರೆ ತಂತಿ ಬೆಸೆಯುವ ಕಬ್ಬಿಣ. ಗೋಡೆಯ ಮೇಲೆ ಏಳು ಟೇಪ್ ಡೆಕ್ಕುಗಳು: ಒಂದು ತಾಯಿ, ಆರು ಮಕ್ಕಳು. ತಾಯಿ ಹಾಡಿದ್ದನ್ನು ಆರೂ ಮಕ್ಕಳು ಒಟ್ಟಿಗೆ ಬರೆದುಕೊಳ್ಳುತ್ತಿದ್ದವು. ಊರಿನ ಅರ್ಧ ಕ್ಯಾಸೆಟ್ಟುಗಳು ಹುಟ್ಟಿದ ಹೆರಿಗೆಮನೆ ಅದು.

ಮಾರ್ಕೆಟ್ಟಿನ ಹಿಂದೆ ಮಿಲ್ಲಿನವರು ಕಟ್ಟಿಸಿದ ವಸತಿಗೃಹ. ನಾಲ್ಕು ಮಹಡಿ, ಒಂದು ಲಿಫ್ಟು. ಆ ಲಿಫ್ಟು ಉದ್ಘಾಟನೆಯ ದಿನ ಗಣ್ಯರನ್ನು ಮೇಲಕ್ಕೆ ಒಯ್ದದ್ದೇ ಕೊನೆ. ಗಣ್ಯರು ಮೆಟ್ಟಿಲಿಳಿದು ಬಂದರು. ನೀರಿನ ನಲ್ಲಿಯೋ ನೆಲದ ಮೇಲೆ ಮಾತ್ರ. ಹಾಗಾಗಿ ನಾಲ್ಕನೇ ಮಹಡಿಯವರು ದಿನಾ ಬೆಳಿಗ್ಗೆ ಎರಡೂ ಕೈಯಲ್ಲಿ ತುಂಬಿದ ಬಕೆಟ್ಟು ಹಿಡಿದು ಎಪ್ಪತ್ತು ಮೆಟ್ಟಿಲು ಹತ್ತುತ್ತಿದ್ದರು.

ಅವರಲ್ಲಿ ಮೂವರು ಹತ್ತುತ್ತಲೇ ಪ್ರಾಸ ಕಟ್ಟಿ ಮಾತಾಡುತ್ತಿದ್ದರು. ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಉದ್ದಕ್ಕ. ಬಾಗಿಲ ಚೌಕಟ್ಟುಗಳೆಲ್ಲ ಅವಳ ಹಣೆಯನ್ನು ಬಲ್ಲವು. ತಗಡಿನ ವರ್ಕ್‌ಶಾಪಿನ ಗಡಸು. ಅವನು "ನಮಸ್ಕಾರ" ಅಂದರೆ ಕಿಟಕಿ ಗಾಜು ಉತ್ತರ ಕೊಡುತ್ತಿತ್ತು. ಮತ್ತೆ ದರ್ಜಿ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುತ್ತಿದ್ದ ಚಿಟಿಕೆ. ಬಾಯಲ್ಲೇ ಡ್ರಮ್ಮು, ತಾಳ, ಬಾಗಿಲು ಬಡಿದ ಸದ್ದು ಎಲ್ಲ ಮಾಡುವವನು. ಅವರ ಪಂದ್ಯದ ನಿಯಮ ಕಠೋರವಾಗಿತ್ತು. ಮೂರನೇ ಮಹಡಿಗೆ ಮುಂಚೆ ಯಾರು ಮಾತಿನ ನಡುವೆ ಉಸಿರು ತೆಗೆದುಕೊಂಡರೋ ಅವರು ಮಿಕ್ಕವರ ಮನೆಗೂ ಒಂದೊಂದು ಬಕೆಟ್ಟು ಹೊರಬೇಕು. ಇಂಥ ಗುರುಕುಲದಲ್ಲಿ ಕಲಿತ ಶ್ವಾಸಕೋಶಗಳು ಅವು.

ಅದು ರ‍್ಯಾಪ್ ಎಂಬ ಸಂಗೀತ, ಹಿಪ್‌ಹಾಪ್ ಎಂಬ ಕುಲಕ್ಕೆ ಸೇರಿದ್ದು ಎಂದು ಅವರಿಗೆ ಯಾರೋ ಆಮೇಲೆ ತಿಳಿಸಿದರು. ಮೂವರೂ ಸೇರಿ "ನಾಲ್ಕನೇ ಮಹಡಿ" ಎಂದು ತಂಡಕ್ಕೆ ಹೆಸರಿಟ್ಟು, ಸದ್ದು ಕಮ್ಮಿ ಎಂಬ ಕಾರಣಕ್ಕೆ ಕೆಟ್ಟ ಲಿಫ್ಟಿನೊಳಗೇ ನಿಂತು ಮೊದಲ ಹಾಡನ್ನು ಟೇಪ್ ಮಾಡಿದರು:

ಕೆಳಗೆ ನಲ್ಲಿ, ಮೇಲೆ ಮನೆ, ನಡುವೆ ಎಪ್ಪತ್ತು ಮೆಟ್ಟಿಲು,
ಲಿಫ್ಟಿನ ಬಾಗಿಲು ತೆಗೆದು ನೋಡಿದ್ರೆ ಒಳಗೆ ಪಾರಿವಾಳದ ತೊಟ್ಟಿಲು.

ಪಾರಿವಾಳವೂ ಅಲ್ಲಲ್ಲಿ ದನಿಗೂಡಿಸಿದೆ. ನಾಲ್ಕೂವರೆ ನಿಮಿಷದ ಆ ಟೇಪನ್ನು ತಂದು ಉದ್ದಕ್ಕ ಮಾವನ ಮುಂದಿಟ್ಟಳು. "ಮಾವ, ಇನ್ನೂರು ಕಾಪಿ. ಜೋಪಾನ, ಇದೊಂದೇ ಇರೋದು."

"ಕೂಸಿನ ಥರ ನೋಡ್ಕೋತೀನಿ ಹೋಗು," ಅಂದ ಮಾವ.

ಮಾವನ ಜೀವನದ ಮಹಾಪರಾಧ ನಡೆದದ್ದು ಅಂದು ಮಧ್ಯಾಹ್ನ. ತಾಯಿ ಡೆಕ್ಕಿನ ಬೆಲ್ಟು ಸಡಿಲವಾಗಿ ಜಾರತೊಡಗಿತು. ಊರಿಗೆಲ್ಲ ಬೆಲ್ಟು ಹಂಚುವವನ ಬಳಿ ಆ ಅಳತೆಯದು ಮಾತ್ರ ಮುಗಿದಿತ್ತು. ಮಾವ ಯೋಚಿಸಿದ, ಮೋಟಾರಿನ ಪುಟ್ಟ ರಾಟೆಗೆ ಅಂಟು ಪಟ್ಟಿಯನ್ನು ಬಿಗಿಯಾಗಿ ಸುತ್ತಿದ. ಬೆಲ್ಟು ಕಚ್ಚಿ ಹಿಡಿಯಿತು. ತಾಯಿ ಗಂಟಲು ಬಿಚ್ಚಿದಳು, ಆರು ಮಕ್ಕಳೂ ಬರೆದುಕೊಂಡವು. ತನ್ನ ಬುದ್ಧಿಗೆ ತಾನೇ ತಲೆದೂಗಿ ಮಾವ ಇನ್ನೂರು ಕ್ಯಾಸೆಟ್ ಮುಗಿಸಿ ಕೊಟ್ಟ. ಅವು ಲಾರಿಗಳಲ್ಲಿ, ಚಹಾದಂಗಡಿಗಳಲ್ಲಿ, ಹೇರ್ ಕಟಿಂಗ್ ಸಲೂನುಗಳಲ್ಲಿ ಕೂತು ಲೋಕವನ್ನು ಗೆದ್ದವು. ಇಷ್ಟು ವೇಗವಾಗಿ, ಇಷ್ಟು ಸ್ಪಷ್ಟವಾಗಿ ಮನುಷ್ಯರು ಮಾತಾಡಬಲ್ಲರು ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ಮೂರು ತಿಂಗಳ ನಂತರ ಹೊಸ ಬೆಲ್ಟು ಹಾಕಲು ತಾಯಿಯ ಹೊಟ್ಟೆ ಬಿಚ್ಚಿದ ಮಾವ ಆ ರಾಟೆಯನ್ನು ಅಳೆದು ನೋಡಿದ. ಎಂಟು ಮಿಲಿಮೀಟರ್ ಇದ್ದದ್ದು ಪಟ್ಟಿ ಸುತ್ತಿ ಒಂಬತ್ತಾಗಿತ್ತು. ರಾಟೆ ದಪ್ಪವಾದರೆ ಟೇಪು ಓಡುತ್ತದೆ. ನಾಲ್ಕೂವರೆ ನಿಮಿಷದ ಹಾಡು ಕ್ಯಾಸೆಟ್ಟಿನಲ್ಲಿ ನಾಲ್ಕೇ ನಿಮಿಷಕ್ಕೆ ಮುಗಿಯುತ್ತಿತ್ತು. ಲೋಕ ಬೆರಗಾದ ಆ ವೇಗ ಮೂವರು ಕಲಾವಿದರದ್ದಲ್ಲ, ಅಂಗೈಯುದ್ದದ ಅಂಟು ಪಟ್ಟಿಯದ್ದು.

ಹೋಗಿ ಹೇಳಿಬಿಡೋಣವೆಂದು ಎದ್ದು ನಿಂತವನಿಗೆ ಅದೇ ಹೊತ್ತಿಗೆ ಪಕ್ಕದ ಹೂವಿನಂಗಡಿಯವಳು ಸುದ್ದಿ ಹೇಳಿದಳು: ನೆನ್ನೆ ಸಂಜೆ ಟೌನ್‌ಹಾಲಿನಲ್ಲಿ ನಾಲ್ಕನೇ ಮಹಡಿಯವರು ಕ್ಯಾಸೆಟ್ಟಿನಲ್ಲಿದ್ದ ವೇಗಕ್ಕೇ ಹಾಡಿದರಂತೆ. ಮಾವ ಮತ್ತೆ ಕೂತ. ಅದು ಸಾಧ್ಯವೇ ಇಲ್ಲ ಎಂದು ಅವನ ಯಂತ್ರಶಾಸ್ತ್ರ ಹೇಳಿತು. ಹಾಗಾದರೆ ಒಂದೇ ಅರ್ಥ. ತನ್ನ ತಪ್ಪನ್ನು ಮುಚ್ಚಲು ಪಾಪದ ಮಕ್ಕಳು ಪರದೆಯ ಹಿಂದೆ ಕ್ಯಾಸೆಟ್ ಹಾಕಿ ಮುಂದೆ ಬಾಯಿ ಆಡಿಸುತ್ತಿದ್ದಾರೆ. ಮೂವರು ಸತ್ಯವಂತರನ್ನು ತಾನು ಕಳ್ಳರನ್ನಾಗಿ ಮಾಡಿದ್ದೇನೆ. ಈಗ ಬಾಯಿ ಬಿಟ್ಟರೆ ಅವರ ಮಾನ ಬೀದಿಪಾಲು.

ಮಾವ ಬಾಯಿ ಬಿಡಲಿಲ್ಲ. ಮೂವತ್ತು ವರ್ಷ.

ಆ ಮೂವತ್ತು ವರ್ಷದಲ್ಲಿ ನಾಲ್ಕನೇ ಮಹಡಿ ಏಳು ಕ್ಯಾಸೆಟ್ ತಂದಿತು, ಕಂಡು ಕೇಳರಿಯದ ಊರುಗಳಲ್ಲಿ ಹಾಡಿತು. ಅವರನ್ನು ಕೇಳಿ ಬೆಳೆದವರು ಬೀದಿಗೊಂದು ತಂಡ ಕಟ್ಟಿದರು. ತರಕಾರಿ ಹರಾಜಿನವನು ಅವರ ಲಯದಲ್ಲೇ ಕೂಗತೊಡಗಿದ. ಮಗ್ಗಿ ಹೇಳು ಅಂದರೆ ಮಕ್ಕಳು ಹತ್ತೊಂಬತ್ತರ ಮಗ್ಗಿಯನ್ನು ಒಂದೇ ಉಸಿರಿನಲ್ಲಿ ಉದುರಿಸಿ ಮೇಷ್ಟ್ರನ್ನು ಕಕ್ಕಾಬಿಕ್ಕಿ ಮಾಡಿದರು. "ಮಹಡಿ ಓಟ" ಎಂಬ ಹೊಸ ಶೈಲಿಯೇ ಹುಟ್ಟಿತು. ಆ ಮೊದಲ ಹಾಡನ್ನು ನಾಲ್ಕು ನಿಮಿಷದೊಳಗೆ ತಪ್ಪಿಲ್ಲದೆ ಹೇಳಿದವನೇ ಗಂಡು, ಹೇಳಿದವಳೇ ಗಟ್ಟಿಗಿತ್ತಿ. ಇಷ್ಟೆಲ್ಲ ನಡೆಯುವಾಗ ಪ್ರತಿ ಕಾರ್ಯಕ್ರಮಕ್ಕೂ ಮುಂದಿನ ಸಾಲಿನ ಎರಡು ಪಾಸು ಮಾವನ ಮನೆಗೆ ಬರುತ್ತಿದ್ದವು, ಪ್ರತಿ ಸಲವೂ ಮಾವನಿಗೆ ಹೊಟ್ಟೆನೋವು ಬರುತ್ತಿತ್ತು. ಅತ್ತೆ ಹೂವಿನಂಗಡಿಯವಳ ಜೊತೆ ಹೋಗಿ ಬರುತ್ತಿದ್ದಳು.

"ರೀ, ಗಡಸು ದನಿ ಟೇಪಲ್ಲಿ ಎಳೆ ಹುಡುಗನ ಥರ ಇದೆ. ಎದುರಿಗೆ ಕೇಳಿದ್ರೆ ಗುಡುಗು. ಯಾಕೆ?" ಎಂದು ಅವಳು ಮೊದಲ ವರ್ಷವೇ ಕೇಳಿದ್ದಳು.

"ಅದು ಸ್ಪೀಕರ್ ದೋಷ. ನಿಂಗೆ ಗೊತ್ತಾಗಲ್ಲ," ಎಂದು ಮಾವ ತಜ್ಞನ ಗತ್ತಿನಲ್ಲಿ ತಳ್ಳಿಹಾಕಿದ್ದ. ಟೇಪು ಓಡಿದರೆ ದನಿ ತೆಳುವಾಗುತ್ತದೆ; ದನಿ ದಪ್ಪವಿದ್ದರೆ ಅಲ್ಲಿ ಟೇಪಿಲ್ಲ. ಇಷ್ಟು ಸರಳ ಸಂಗತಿ, ಊರಿನ ಏಕೈಕ ಟೇಪ್ ತಜ್ಞನಿಗೆ ಹೊಳೆಯಲಿಲ್ಲ. ಅಪರಾಧಪ್ರಜ್ಞೆ ಮನುಷ್ಯನ ಕಿವಿಯನ್ನೇ ಮೊದಲು ತಿನ್ನುತ್ತದೆ.

ಹೋದ ವರ್ಷ ಸ್ಟುಡಿಯೊದಿಂದ ಒಬ್ಬ ಸೌಂಡ್ ಎಂಜಿನಿಯರ್ ಹುಡುಗಿ ಅಂಗಡಿಗೆ ಬಂದಳು. ಮೊದಲ ಹಾಡಿಗೆ ಮೂವತ್ತು ತುಂಬಿದೆ, ಮತ್ತೆ ಬಿಡುಗಡೆ ಮಾಡುತ್ತೇವೆ, ಮೂಲ ಟೇಪು ನಿಮ್ಮಲ್ಲೇ ಉಳಿದಿದೆಯಂತೆ, ಕೊಡಿ ಎಂದಳು. ಮಾವ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಎಲ್ಲೋ ಹೋಯ್ತಮ್ಮ ಅದು. ಇಲಿ ತಿಂತೋ ಏನೋ."

"ಸ್ಟೀಲ್ ಡಬ್ಬಿಲಿ, ನಿಮ್ಮ ಹಳೇ ಬನಿಯನ್ ಸುತ್ತಿ ಇಟ್ಟಿದ್ದೀರಲ್ಲ," ಅಂದಳು ಊಟದ ಡಬ್ಬಿ ತಂದಿದ್ದ ಅತ್ತೆ. "ಸ್ಟೀಲ್ ತಿನ್ನೋ ಇಲಿ ನಮ್ಮನೇಲಿಲ್ಲ."

ಹುಡುಗಿ ನಗುತ್ತ ನಾಳೆ ಬರುತ್ತೇನೆ ಎಂದು ಹೋದಳು. ಮಾವ ಸ್ಟೂಲು ಎಳೆದು ಕೂತು, ಮೂವತ್ತು ವರ್ಷದ್ದನ್ನೆಲ್ಲ ಅತ್ತೆಯ ಮುಂದೆ ಕಕ್ಕಿದ. ಆ ಟೇಪು ಸ್ಟುಡಿಯೊ ಯಂತ್ರದಲ್ಲಿ ಓಡಿದರೆ ನಿಜವಾದ ವೇಗ ಹೊರಬೀಳುತ್ತದೆ, ನಾಲ್ಕನೇ ಮಹಡಿ ಇಷ್ಟು ವರ್ಷ ಜನರಿಗೆ ಮೋಸ ಮಾಡಿತು ಎಂದು ಲೋಕ ಉಗಿಯುತ್ತದೆ, ಕಾರಣ ನಾನು ಎಂದ. ಸುಟ್ಟುಬಿಡಲೇ ಎಂದೂ ಕೇಳಿದ.

ಅತ್ತೆ ತೆಗೆದಿದ್ದ ಊಟದ ಡಬ್ಬಿಯ ಮುಚ್ಚಳ ಮತ್ತೆ ಹಾಕಿದಳು. "ಉದ್ದಕ್ಕ ನಂಬಿ ಕೊಟ್ಟಿರೋ ವಸ್ತು. ಸುಡೋ ಮುಂಚೆ ಅವಳನ್ನೊಂದು ಮಾತು ಕೇಳಿ."

ಹಾಗೆ ಮಾವ ಟೇಪು ಹಿಡಿದು ವಸತಿಗೃಹದ ಎಪ್ಪತ್ತು ಮೆಟ್ಟಿಲು ಹತ್ತಿದ. ಹಿಂದೆ ನಾನಿದ್ದೆ, ಸಾಕ್ಷಿಗೋ, ಬಿದ್ದರೆ ಹಿಡಿಯುವುದಕ್ಕೋ, ಅವನು ಹೇಳಲಿಲ್ಲ. ಉದ್ದಕ್ಕ ಬಟ್ಟೆ ಒಣಗಹಾಕುತ್ತಿದ್ದಳು. ಐವತ್ತೆಂಟು ವರ್ಷ, ಕೂದಲು ಬೆಳ್ಳಗಾಗಿದೆ, ಎತ್ತರ ಮಾತ್ರ ಒಂದಿಂಚೂ ಇಳಿದಿಲ್ಲ. ಮಾವ ನಿಂತಲ್ಲೇ ಎಲ್ಲ ಒಪ್ಪಿಕೊಂಡ. ರಾಟೆ, ಪಟ್ಟಿ, ಎಂಟು, ಒಂಬತ್ತು.

"ಗೊತ್ತು ಮಾವ," ಅಂದಳು ಅವಳು, ಬಕೆಟ್ಟಿನಿಂದ ಇನ್ನೊಂದು ಸೀರೆ ಎತ್ತಿ ಹಿಂಡುತ್ತ.

"ಏನು ಗೊತ್ತು?"

"ಕ್ಯಾಸೆಟ್ ಓಡುತ್ತೆ ಅಂತ. ಟೌನ್‌ಹಾಲಿಗೂ ಮುಂಚೆ ಮಿಲ್ಲಿನ ಮೈದಾನದಲ್ಲಿ ಹಾಡಿದ್ವಿ. ನಮ್ಮ ವೇಗಕ್ಕೆ ನಾವು ಹಾಡ್ತಾ ಇದ್ರೆ, ಜನ ಕ್ಯಾಸೆಟ್ ವೇಗಕ್ಕೆ ಹಾಡ್ಕೊಂಡು ಮುಂದೆ ಹೋಗ್ಬಿಟ್ರು. ನಾವಿನ್ನೂ ಎರಡನೇ ಮಹಡೀಲಿ, ಅವರಾಗಲೇ ಮೇಲೆ ಹೋಗಿ ಬಾಗಿಲು ಹಾಕ್ಕೊಂಡಿದ್ರು. ಒಬ್ಬ ಅಂತೂ 'ಅಕ್ಕಾ, ನಿಧಾನವಾಗಿ ಬನ್ನಿ, ನಾವು ಕಾಯ್ತೀವಿ' ಅಂದ."

"ಅಯ್ಯೋ. ಆಮೇಲೆ?"

"ಆಮೇಲೇನು? ಜನಕ್ಕೆ ಗೊತ್ತಿರೋದು ಆ ಹಾಡು. ನಾವೇ ಅದನ್ನ ಕಲಿಬೇಕಾಯ್ತು. ಒಂದೂವರೆ ತಿಂಗಳು ಈ ಮೆಟ್ಟಿಲ ಮೇಲೆ, ತುಂಬಿದ ಬಕೆಟ್ ಹಿಡ್ಕೊಂಡು, ದಿನಕ್ಕೆ ಇಪ್ಪತ್ತು ಸಲ. ಇಡೀ ಕಟ್ಟಡದ ಹಂಡೆಗಳು ತುಂಬಿದ್ವು. ಗಡಸು ಎರಡು ಸಲ ತಲೆ ಸುತ್ತಿ ಬಿದ್ದ."

ಮಾವ ಮೆಟ್ಟಿಲ ಮೇಲೇ ಕೂತುಬಿಟ್ಟ. ಅವನ ಕಣ್ಣಲ್ಲಿ ಅಂದು ನಾನು ಕಂಡದ್ದು ಸಮಾಧಾನವಲ್ಲ, ಬೆರಗು. ಯಂತ್ರ ಮಾಡಿದ ತಪ್ಪನ್ನು ಮನುಷ್ಯರು ಮೈಯಿಂದ ಮಾಡಿ ತೋರಿಸಿದ್ದರು. ಆಮೇಲೆ ಬೆರಗಿನ ಬೆನ್ನಿಗೇ ಸಿಟ್ಟು ಬಂತು.

"ನಂಗೊಂದು ಮಾತು ಹೇಳ್ಬಾರದಿತ್ತೇನೆ? ಮೂವತ್ತು ವರ್ಷ ಅನ್ನ ಸೇರಿಲ್ಲ."

"ಹೇಳಿದ್ರೆ ನೀವು ಸರಿ ಮಾಡ್ಬಿಡ್ತಿದ್ರಿ."

ಮರುದಿನ ಹನ್ನೊಂದು ಗಂಟೆಗೆ ಎಲ್ಲರೂ ಸ್ಟುಡಿಯೊದಲ್ಲಿ ಸೇರಿದೆವು. ಹುಡುಗಿ ಮೂಲ ಟೇಪು ಹಾಕಿದಳು. ಹಾಡು ಗಜಗಾಂಭೀರ್ಯದಿಂದ ಹೊರಟಿತು. ಅವಳ ಮುಖ ಬಿಳಿಚಿತು. ಕ್ಯಾಸೆಟ್ಟಿನ ವೇಗವನ್ನು ಮೀರಿಸಲೆಂದೇ ಕಾಲೇಜಿನ ಮೂರು ವರ್ಷ ನಾಲಿಗೆ ಕಚ್ಚಿಕೊಂಡವಳು ಅವಳು. "ಮೇಡಂ, ಹಾಗಾದ್ರೆ ಆ ವೇಗ... ಸುಳ್ಳಾ?"

ಉದ್ದಕ್ಕ ಸೆರಗು ಸಿಕ್ಕಿಸಿಕೊಂಡಳು. ಮೈಕಿನ ಮುಂದೆ ಹೋಗಿ ನಿಂತಳು. ಮಂಡಿ ಹಿಡಿದುಕೊಂಡು ಗಡಸು ಎದ್ದ. ಚಿಟಿಕೆ ಹೊಸ ಹಲ್ಲಿನ ಸೆಟ್ಟು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಅತ್ತೆಯ ಕೈಗೆ ಕೊಟ್ಟ. "ಅಕ್ಕ, ಇದು ತಾಳ ತಪ್ಪುತ್ತೆ. ಸ್ವಲ್ಪ ಹಿಡ್ಕೊಂಡಿರಿ."

ಮತ್ತೆ ಶುರುವಾಯಿತು. ಅದನ್ನು ಬರೆಯಲು ನನ್ನ ಹತ್ತಿರ ಇರುವುದು ನಿಧಾನದ ಅಕ್ಷರಗಳು. ಚಿಟಿಕೆಯ ಬೋಳು ವಸಡಿನಿಂದ ಡ್ರಮ್ಮು ಸಿಡಿಯಿತು. ಅದರ ಮೇಲೆ ಉದ್ದಕ್ಕನ ಮಾತು ಮಣಿ ಸುರಿದಂತೆ ಬಿತ್ತು. ಒಂದೊಂದು ಮಣಿಯೂ ಬೇರೆ ಬೇರೆ, ಒಂದೂ ಒಡೆಯದು. ಗಡಸು ನಡುವೆ ಹೊಕ್ಕಾಗ ಮೇಜಿನ ಮೇಲಿದ್ದ ಲೋಟದ ನೀರಿನಲ್ಲಿ ಉಂಗುರಗಳೆದ್ದವು. ಹಾಡು ಎರಡನೇ ಮಹಡಿ ದಾಟಿತು, ಮೂರನೆಯದು ದಾಟಿತು. ಮೂವರಲ್ಲಿ ಯಾರೂ ಉಸಿರು ತೆಗೆದುಕೊಂಡದ್ದು ನಾನು ಕಾಣಲಿಲ್ಲ. ಮಾವ ಮುಂದಕ್ಕೆ ಬಾಗಿ ಬಾಗಿ ಕುರ್ಚಿಯ ತುದಿಗೆ ಬಂದಿದ್ದ. ಅವನ ತುಟಿಗಳೂ ಆಡುತ್ತಿದ್ದವು, ಒಂದು ಪದವೂ ಅವನಿಗೆ ಸಿಗುತ್ತಿರಲಿಲ್ಲ.

ಹಾಡು ನಿಂತಾಗ ಗೋಡೆಯ ಗಡಿಯಾರ ನೋಡಿದೆ. ಮೂರು ನಿಮಿಷ ಐವತ್ತೈದು ಸೆಕೆಂಡು. ಗಡಸು ಮಂಡಿ ಒತ್ತಿಕೊಳ್ಳುತ್ತ, "ಸ್ವಲ್ಪ ಅವಸರ ಆಯ್ತು," ಅಂದ.

"ಹಳೇ ಟೇಪೂ ಬೇಡ, ನನ್ನ ಕಾಪಿನೂ ಬೇಡ," ಅಂದ ಮಾವ. "ಈಗ ಹೇಳಿದ್ರಲ್ಲ, ಅದನ್ನ ಬಿಡುಗಡೆ ಮಾಡಮ್ಮ."

ಹುಡುಗಿ ಯಂತ್ರದ ಕಡೆ ತಿರುಗಿದಳು, ಹಾಗೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬೆರಗಿನಲ್ಲಿ ಅವಳು ರೆಕಾರ್ಡ್ ಒತ್ತಿರಲೇ ಇಲ್ಲ.

ಯಾರೂ ಬೈಯಲಿಲ್ಲ. ಮೂವತ್ತು ವರ್ಷ ಗುಟ್ಟು ಹೊತ್ತವನೊಬ್ಬ ಅಲ್ಲೇ ಕೂತಿದ್ದಾಗ ಒಂದು ಬಟನ್ನಿನ ತಪ್ಪಿಗೆ ಯಾರು ಬೈದಾರು. ಉದ್ದಕ್ಕ ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದು ಮೈಕಿನ ಮುಂದೆ ಮತ್ತೆ ನಿಂತಳು. ಚಿಟಿಕೆ ಕೇಳಿದ, "ಅದೇ ವೇಗನಾ ಅಕ್ಕ?"

"ಮಾವನ್ನ ಕೇಳು," ಅಂದಳು ಅವಳು.

ಮಾವ ತಲೆ ಎತ್ತಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು, ಹೆಣ್ಣು ನೋಡಲು ಹೋದ ದಿನ ಒಪ್ಪಿಗೆಯೇ ಎಂದು ಕೇಳಿದಾಗ ಆಡಿರಬಹುದಾದಂಥ ಸಣ್ಣ ದನಿಯಲ್ಲಿ, "ಆಗೋದಾದ್ರೆ ಇನ್ನೊಂಚೂರು ಬೇಗ," ಅಂದ.